ಟೊರೆಲ್ ದಂಡೆಯ ಗೆರೆ

ಗಿರಿಯಪ್ಪಣ್ಣ ಇಂಗ್ಲೆಂಡಿನ ಒಂದು ಹಳ್ಳಿಯ ಎಂಟು ಕಾಲುದಾರಿಗಳ ನಕ್ಷೆ ಬರೆದದ್ದು ದೋಹಾದಲ್ಲಿ ಕೂತು. ಮುಶೈರಿಬ್‌ನ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ನಮ್ಮ ಆಫೀಸಿತ್ತು. ಅದರ ಹಿಂಭಾಗದ, ಕಿಟಕಿಯಿಲ್ಲದ ಪ್ರಿಂಟ್ ರೂಮಿನಲ್ಲಿ ಅವರು ಆ ಕೆಲಸ ಮಾಡಿದರು. ಹಳ್ಳಿಯ ಹೆಸರು ಹೆಸಲ್‌ಕೂಮ್. ಅದರ ಬದಿಯಲ್ಲಿ ಹರಿಯುವ ಹೊಳೆಯ ಹೆಸರು ಟೊರೆಲ್. "ನಮ್ಮ ತೊರೆಯೇ ಇದು, ಒಂದು ಲಕಾರ ಹೆಚ್ಚು ಅಷ್ಟೆ," ಎಂದು ಮೊದಲ ದಿನವೇ ಅವರು ನನಗೆ ಹೇಳಿದ್ದರು.

ನನ್ನ ಹೆಸರು ಯಜ್ಞೇಶ್. ರಸ್ತೆ, ಚರಂಡಿಗಳ ನಕ್ಷೆ ಮಾಡುವ ಆ ಕಂಪನಿಗೆ ನಾನು ಸೇರಿದ್ದು 1999ರಲ್ಲಿ, ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವವನಾಗಿ. ಗಿರಿಯಪ್ಪಣ್ಣ ಅಲ್ಲಿಗೆ ಬಂದದ್ದು 1979ರಲ್ಲಿ, ಮಂಗಳೂರಿನ ಐಟಿಐಯಲ್ಲಿ ಡ್ರಾಫ್ಟ್ಸ್‌ಮನ್ ಕೋರ್ಸು ಮುಗಿಸಿ. ಇಪ್ಪತ್ತೆರಡು ವರ್ಷ ಅವರು ಓರೆ ಮೇಜಿನ ಮುಂದೆ ನಿಂತು, ಇಂಕು ಪೆನ್ನಿನಿಂದ ಟ್ರೇಸಿಂಗ್ ಹಾಳೆಯ ಮೇಲೆ ಈ ಊರನ್ನು ಬರೆದರು. ಅಲ್ ಅಜೀಜಿಯಾದಲ್ಲಿ ನಾನು, ನನ್ನ ಹೆಂಡತಿ ಶರ್ಮಿಳಾ, ಮಗಳು ತೃಷಾ ಇರುವ ಫ್ಲ್ಯಾಟಿನ ಕೆಳಗೆ ಹಾದುಹೋಗುವ ಒಳಚರಂಡಿಯ ಹಳೆಯ ನಕ್ಷೆ ಅವರ ಕೈಯದೇ. 2001ರಲ್ಲಿ ಕೈಯಲ್ಲಿ ನಕ್ಷೆ ಬರೆಯುವ ವಿಭಾಗವನ್ನೇ ಮುಚ್ಚಿದರು. ಅವರ ಓರೆ ಮೇಜನ್ನು ಹೊರಗೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಅವರೇ ಹಿಡಿದರು. ಮೆಟ್ಟಿಲ ತಿರುವಿನಲ್ಲಿ, "ಸ್ವಲ್ಪ ಓರೆ ಮಾಡು ಮಾರಾಯ, ಗೋಡೆಗೆ ತಾಗ್ತದೆ," ಎಂದರು. ಆ ಮೇಲೆ ಅವರಿಗೆ ನಮ್ಮ ನಕ್ಷೆಗಳ ಪ್ರಿಂಟ್ ತೆಗೆದು ಮಡಚಿ ಕೊಡುವ ಕೆಲಸ ಸಿಕ್ಕಿತು.

ನನ್ನ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಆದರೆ ಮಡಚುವಾಗ ಒಮ್ಮೊಮ್ಮೆ ಒಂದು ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದು, "ನಿನ್ನ ಮೆಷಿನ್ನಿಗೆ ಎಲ್ಲಾ ಗೆರೆ ಒಂದೇ ಯಜ್ಞೇಶ. ನೋಡುವವನಿಗೆ ಹಾಗಲ್ಲ. ಯಾವುದು ಮೊದಲು ಕಾಣ್ಬೇಕೋ ಅದನ್ನು ದಪ್ಪ ಮಾಡ್ಲಿಕ್ಕುಂಟು," ಎನ್ನುತ್ತಿದ್ದರು.

ನಮ್ಮ ಮುಖ್ಯ ಸರ್ವೇಯರ್ ಪಾಸ್ಕೋ ಎಂಬ ಇಂಗ್ಲೆಂಡಿನವರು. ಅರವತ್ತೆರಡರ ಎತ್ತರದ ಆಳು, ಮಾತು ಕಮ್ಮಿ. 2003ರ ಏಪ್ರಿಲಿಗೆ ನಿವೃತ್ತಿಯಾಗಿ ಹೆಸಲ್‌ಕೂಮ್‌ಗೆ ಹೋಗುವವರಿದ್ದರು. ಅಲ್ಲಿ ಅವರ ಅಕ್ಕ ಎಡ್ನಾ ಇದ್ದಳು. ಮದುವೆಯಾಗದೆ ನಲವತ್ತು ವರ್ಷ ಶಾಲೆಯಲ್ಲಿ ಕಲಿಸಿದವಳು. ಎಪ್ಪತ್ತರ ವಯಸ್ಸಿನಲ್ಲಿಯೂ ಪ್ರತಿ ಶನಿವಾರ ಊರಿನ ಹತ್ತು ಹನ್ನೆರಡು ಮಂದಿಯನ್ನು ಕಟ್ಟಿಕೊಂಡು ಹೊಲಗಳ ನಡುವೆ, ಹೊಳೆಯ ದಂಡೆಯಲ್ಲಿ ನಡೆಯಲು ಹೋಗುತ್ತಿದ್ದಳು. ಆ ನಡಿಗೆಗಳ ಬಗ್ಗೆ ಒಂದು ಪುಸ್ತಿಕೆ ಬರೆದಿದ್ದಳು. ಎಲ್ಲಿ ಎಡಕ್ಕೆ ತಿರುಗಬೇಕು, ಎಲ್ಲಿ ಕೆಸರು, ಯಾವ ಹೊಲದಲ್ಲಿ ಹೋರಿಯಿದೆ, ಎಲ್ಲ ವಿವರ ಅದರಲ್ಲಿತ್ತು. ನಕ್ಷೆ ಮಾತ್ರ ಇರಲಿಲ್ಲ. ಮುದ್ರಕರು ಕಂಪ್ಯೂಟರಿನಲ್ಲಿ ಮಾಡಿ ಕಳಿಸಿದ ಮಾದರಿಯನ್ನು ನೋಡಿ, ಇದು ದಾರಿಯ ಹಾಗಿಲ್ಲ, ವಿದ್ಯುತ್ ತಂತಿಯ ಹಾಗಿದೆ ಎಂದು ತಮ್ಮನಿಗೆ ಬರೆದಿದ್ದಳಂತೆ. ಪಾಸ್ಕೋ ಆ ಕಾಗದವನ್ನು ಹಿಡಿದುಕೊಂಡು ನೇರ ಪ್ರಿಂಟ್ ರೂಮಿಗೆ ಬಂದರು.

ಓರೆ ಮೇಜು ಉಗ್ರಾಣದಿಂದ ವಾಪಸು ಬಂತು. ಶುಕ್ರವಾರ ಬೆಳಿಗ್ಗೆ ರಜೆಯ ಆಫೀಸಿನಲ್ಲಿ ಇಬ್ಬರೂ ಕೂರುತ್ತಿದ್ದರು. ನಾನೂ ಆಗಾಗ ಹೋಗುತ್ತಿದ್ದೆ, ತೃಷಾಳನ್ನು ಕರೆದುಕೊಂಡು. ಅವಳಿಗಾಗ ಒಂಬತ್ತು ವರ್ಷ. ಎಡ್ನಾಳ ಇಂಗ್ಲಿಷನ್ನು ಅವಳು ಗಟ್ಟಿಯಾಗಿ ಓದುವುದು, ಗಿರಿಯಪ್ಪಣ್ಣ ಕಣ್ಣು ಮುಚ್ಚಿ ಕೇಳುವುದು. "ಬೇಲಿಯಲ್ಲಿರುವ ಸ್ಟೈಲ್ ದಾಟಿ" ಎಂಬಲ್ಲಿ ಅವರು ಕಣ್ಣು ತೆರೆದರು. ಸ್ಟೈಲ್ ಎಂದರೇನು? ತೃಷಾಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಪಾಸ್ಕೋ ಎರಡು ಕುರ್ಚಿಗಳನ್ನು ಎದುರುಬದುರು ಇಟ್ಟು, ನಡುವೆ ಒಂದು ಹಲಗೆಯಿಟ್ಟು, ಟೈ ಕಟ್ಟಿದ ಹಾಗೆಯೇ ಅದರ ಮೇಲೆ ಕಾಲಿಟ್ಟು ಆ ಕಡೆ ಇಳಿದರು. ದನ ದಾಟಬಾರದು, ಮನುಷ್ಯ ದಾಟಬಹುದು ಎಂದರು.

"ತಡಮೆ!" ಎಂದು ಗಿರಿಯಪ್ಪಣ್ಣ ಕೂಗಿಯೇಬಿಟ್ಟರು. "ತಡಮೆ ಅಲ್ವನಾ ಇದು! ಅಯ್ಯೋ, ಇದಕ್ಕೆ ಇಷ್ಟು ಕಷ್ಟವಾ!"

ಅಂದಿನಿಂದ ಅವರಿಗೆ ಆ ಊರು ತಿಳಿಯತೊಡಗಿತು. ಹೊಲದಿಂದ ಹೊಲಕ್ಕೆ ಹೋಗುವಲ್ಲಿ ತಡಮೆ. ಸಣ್ಣ ನೀರಿಗೆ ಅಡ್ಡ ಹಾಕಿದ ಹಲಗೆ ಸಂಕ. ಗೋದಿ ಹೊಲದ ಅಂಚು ನಮ್ಮ ಗದ್ದೆಯ ಪುಣಿ. ಒಬ್ಬೊಬ್ಬರೇ ನುಸುಳಿ ಹೋಗುವ, ತಾನಾಗಿ ಮುಚ್ಚಿಕೊಳ್ಳುವ ಒಂದು ಬಾಗಿಲಿಗೆ ಅಲ್ಲಿ ಕಿಸ್ಸಿಂಗ್ ಗೇಟ್ ಅನ್ನುತ್ತಾರೆಂದು ಕೇಳಿ ಮಾತ್ರ ತೃಷಾಳ ಮುಖ ನೋಡಿ, ಹೆಚ್ಚು ವಿಚಾರಿಸದೆ ಬೇಗ ಬೇಗ ಬರೆದು ಮುಗಿಸಿದರು. ದೂರದ ಅಂದಾಜು ಸಿಗದಿದ್ದಾಗ ಪಾಸ್ಕೋ ಅವರನ್ನು ಕಾರ್ನಿಶ್‌ಗೆ ಕರೆದೊಯ್ದು ಕಡಲ ಬದಿಯಲ್ಲಿ ನಡೆಸುತ್ತಿದ್ದರು. ದೋಣಿಕಟ್ಟೆಯಿಂದ ಆ ಖರ್ಜೂರದ ಮರಗಳವರೆಗೆ ನಡೆದರೆ ಇಗರ್ಜಿಯಿಂದ ಹಿಟ್ಟಿನ ಗಿರಣಿಯವರೆಗೆ ನಡೆದಷ್ಟು ಎಂದು ತೋರಿಸುತ್ತಿದ್ದರು. ಅಲ್ಲಿ ಈಗ ಮಳೆ ಬರುತ್ತಿರುತ್ತದೆ ಎಂದು ಒಮ್ಮೆ ಹೇಳಿದರಂತೆ. ಹಾಗೆ ಹೇಳುವಾಗ ಅವರ ಮುಖ ಬೇರೆಯೇ ಆಗಿತ್ತು ಎಂದು ಗಿರಿಯಪ್ಪಣ್ಣ ನನಗೆ ತಿಳಿಸಿದರು.

ತೊಡಕು ಬಂದದ್ದು ಐದನೆಯ ನಡಿಗೆಯಲ್ಲಿ. ಎಡ್ನಾಳ ಪ್ರಕಾರ, ಹೊಳೆಯ ದಂಡೆಯಲ್ಲೇ ಬಂದು ಹಳೆಯ ಗಿರಣಿಯ ಹತ್ತಿರ ಹೊಳೆಯನ್ನು ಬಿಡಬೇಕು. ಅಲ್ಲಿಂದ ಮುಂದೆ ದಂಡೆಯಲ್ಲಿ ದಾರಿಯಿಲ್ಲ. ಮುಕ್ಕಾಲು ಮೈಲಿ ಕಾರುಗಳು ಓಡಾಡುವ ರಸ್ತೆಯಲ್ಲಿ ನಡೆದು ಮತ್ತೆ ಹೊಳೆಗೆ ಇಳಿಯಬೇಕು. ಪಾಸ್ಕೋ ಬಳಿ ಆ ಊರಿನ ಮೇಲೆ ವಿಮಾನದಿಂದ ತೆಗೆದ ಹಳೆಯ ಫೋಟೋ ಇತ್ತು, ಅರವತ್ತು ವರ್ಷ ಹಿಂದಿನದು. ಗಿರಿಯಪ್ಪಣ್ಣ ಅದನ್ನು ಭೂತಗನ್ನಡಿಯಲ್ಲಿ ನೋಡುತ್ತಾ ನೋಡುತ್ತಾ, ಗಿರಣಿಯ ಆಚೆ ದಂಡೆಯುದ್ದಕ್ಕೂ ಕೂದಲೆಳೆಯಷ್ಟು ತೆಳುವಾದ ಬಿಳಿ ಗೆರೆಯೊಂದನ್ನು ಕಂಡರು. ಹುಲ್ಲು ತುಳಿದು ತುಳಿದು ಸವೆದರೆ ಮೇಲಿನಿಂದ ಹಾಗೆ ಕಾಣುತ್ತದೆ.

"ಸಾರ್, ಇಲ್ಲಿ ದಾರಿ ಉಂಟು."

ಪಾಸ್ಕೋ ನೋಡಿದರು. ಅಲ್ಲಿ ಯಾವತ್ತೂ ದಾರಿಯಿರಲಿಲ್ಲ, ಅದು ಗಿರಣಿಯವರ ಖಾಸಗಿ ಜಾಗ, ಕುರಿಗಳು ನಡೆದ ಜಾಡಿರಬೇಕು ಎಂದರು. ಅವರು ಅಲ್ಲೇ ಹುಟ್ಟಿದವರು, ಮೇಲಾಗಿ ಸರ್ವೇಯರ್. ಆದರೆ ಗಿರಿಯಪ್ಪಣ್ಣ ಒಪ್ಪಲಿಲ್ಲ. ಕುರಿ ಹೀಗೆ ನೆಟ್ಟಗೆ ನಡೆಯುವುದಿಲ್ಲ ಎಂಬುದು ಅವರ ವಾದ. ಆ ವಾರವೆಲ್ಲ ಅವರು ಅದನ್ನೇ ಹೇಳುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಮೀರಿದ ನೌಕರಿಯ ಅಭ್ಯಾಸದಲ್ಲಿ ಸಾಹೇಬರಿಗೆ ಎದುರು ಮಾತಾಡದ ಮನುಷ್ಯ ಇಷ್ಟು ಹಟ ಹಿಡಿದದ್ದು ನನಗೆ ಆಶ್ಚರ್ಯವಾಯಿತು. "ಬಿಡಿ ಗಿರಿಯಪ್ಪಣ್ಣ, ಅವರ ಊರು, ಅವರ ದಾರಿ. ಖಲಾಸ್," ಎಂದೆ.

ಅವರು ಪೆನ್ನು ಕೆಳಗಿಟ್ಟರು. "ದಾರಿ ಇಲ್ಲ ಅಂತ ಹೇಳುವುದು ಸುಲಭ ಯಜ್ಞೇಶ. ನಾನೂ ಹೇಳಿದ್ದೇನೆ."

ಆಗ ಅವರು ಹೇಳಿದ್ದು ಇದು. 1993ರಲ್ಲಿ ಅವರು ಅಡ್ಯಾರಿನಲ್ಲಿ, ನೇತ್ರಾವತಿಯ ಹತ್ತಿರ, ಇಪ್ಪತ್ತೈದು ಸೆಂಟ್ಸ್ ಜಾಗ ತೆಗೆದು ಮನೆ ಕಟ್ಟಿಸಿದರು. ಆ ಜಾಗದ ನಡುವಿನಿಂದ ಹೊಳೆಗೆ ಹೋಗುವ ಒಂದು ಕಾಲುದಾರಿಯಿತ್ತು. ಹಿಂದಿನ ನಾಲ್ಕು ಮನೆಯವರು ಬಟ್ಟೆ ಒಗೆಯಲು, ದೋಣಿ ಹತ್ತಲು ಅದರಲ್ಲೇ ಹೋಗುತ್ತಿದ್ದರು. ದಾಖಲೆಪತ್ರದಲ್ಲಿ ಆ ದಾರಿಯಿರಲಿಲ್ಲ. ಗಲ್ಫಿನವನ ಮನೆಗೆ ಕಾಂಪೌಂಡ್ ಇಲ್ಲದಿದ್ದರೆ ಹೇಗೆ? ಕೆಂಪುಕಲ್ಲಿನ ಗೋಡೆ ಎದ್ದಿತು. ಹಿಂದಿನ ಮನೆಯ ದುಗ್ಗು ಎಂಬ ಮುದುಕ ಗೋಡೆ ಸೊಂಟದೆತ್ತರ ಬಂದಾಗ ಬಂದು, ಒಂದು ತಡಮೆಯಷ್ಟು ಜಾಗ ಬಿಡು ಗಿರಿಯಪ್ಪ, ಹೆಂಗಸರಿಗೆ ಸುತ್ತಾಗುತ್ತದೆ ಎಂದು ಕೇಳಿಕೊಂಡ. ಗಿರಿಯಪ್ಪಣ್ಣ ರಜೆಯಲ್ಲಿ ಬಂದಿದ್ದರು, ಬಿಳಿ ಪ್ಯಾಂಟು ಹಾಕಿದ್ದರು. "ನಕ್ಷೆಯಲ್ಲಿ ಇಲ್ಲಿ ದಾರಿಯೇ ಇಲ್ಲ ದುಗ್ಗಣ್ಣ. ನಾನು ಡ್ರಾಫ್ಟ್ಸ್‌ಮನ್, ನನಗೆ ಗೊತ್ತಿಲ್ಲವಾ," ಎಂದರು. ದುಗ್ಗು ವಾಪಸು ಹೋದ. ಹೆಂಗಸರು ಬಟ್ಟೆಯ ಬುಟ್ಟಿ ಹೊತ್ತು ಹೆದ್ದಾರಿಯ ಮೇಲಿಂದ ಸುತ್ತಿ ಹೋಗತೊಡಗಿದರು.

"ನಾನು ಹೇಳಿದ್ದು ಸುಳ್ಳಲ್ಲ," ಎಂದರು ಗಿರಿಯಪ್ಪಣ್ಣ. "ನಕ್ಷೆಯಲ್ಲಿ ಇರಲಿಲ್ಲ. ಆದ್ರೆ ಕಾಲಿಗೆ ಗೊತ್ತಿತ್ತು."

ಮುಂದಿನ ಶುಕ್ರವಾರ ಅವರು ಐದನೆಯ ನಕ್ಷೆಯನ್ನು ಎಡ್ನಾ ಹೇಳಿದಂತೆಯೇ ಬರೆದು ಮುಗಿಸಿದರು. ಜೊತೆಗೆ ಬೇರೊಂದು ಹಾಳೆಯಲ್ಲಿ ಫೋಟೋದ ಆ ತೆಳು ಗೆರೆಯನ್ನು ಅಳತೆಗೆ ಸರಿಯಾಗಿ ಚುಕ್ಕಿ ಚುಕ್ಕಿಯಾಗಿ ಬರೆದು, ಇದನ್ನು ಮೇಡಮ್ಮಿಗೆ ಕಳಿಸಿ, ಅವರಿಗೆ ನೆನಪಿಲ್ಲದಿದ್ದರೆ ಹರಿದು ಹಾಕಲಿ ಎಂದು ಕೊಟ್ಟರು. ಪಾಸ್ಕೋ ಕಳಿಸಿದರು.

ಹದಿನೈದು ದಿನದಲ್ಲಿ ಫೋನು ಬಂತು. ಎಡ್ನಾ ತಮ್ಮನ ಹತ್ತಿರ ಅರ್ಧ ಗಂಟೆ ಮಾತಾಡಿದಳು. ಅವರ ಅಪ್ಪ ಆ ಗಿರಣಿಯಲ್ಲಿ ಹಿಟ್ಟಿನ ಚೀಲ ಹೊಲಿಯುತ್ತಿದ್ದವರು. ಅಮ್ಮ ದಿನಾ ಮಧ್ಯಾಹ್ನ ಊಟ ಕಟ್ಟಿಕೊಂಡು ಅದೇ ದಂಡೆಯ ದಾರಿಯಲ್ಲಿ ಹೋಗುತ್ತಿದ್ದಳು, ಎಡ್ನಾಳ ಕೈಹಿಡಿದುಕೊಂಡು. ಆಮೇಲೆ ಗಿರಣಿ ನಿಂತಿತು, ಕೊಂಡವರು ಬೇಲಿ ಹಾಕಿದರು, ಜನ ರಸ್ತೆಯಲ್ಲಿ ಹೋಗಲು ಕಲಿತರು. ಇವಳೂ ಕಲಿತಳು. ಐವತ್ತು ವರ್ಷ ಅದರ ಪಕ್ಕದಲ್ಲೇ ನಡೆದರೂ ಒಮ್ಮೆಯೂ ನೆನಪಾಗಲಿಲ್ಲವಲ್ಲ ಎಂದು ಫೋನಿನಲ್ಲಿ ಅತ್ತಳಂತೆ. ಎಂಟು ವರ್ಷ ಚಿಕ್ಕವರಾದ ಪಾಸ್ಕೋಗೆ ಆ ದಾರಿಯ ನೆನಪೇ ಇರಲಿಲ್ಲ. ಅವರು ಪ್ರಿಂಟ್ ರೂಮಿಗೆ ಬಂದು ಗಿರಿಯಪ್ಪಣ್ಣನ ಕೈಕುಲುಕಿ ಹೋದರು.

ಪುಸ್ತಿಕೆ 2003ರ ವಸಂತದಲ್ಲಿ ಅಚ್ಚಾಯಿತು. ಪಾಸ್ಕೋ ಊರಿಗೆ ಹೋದರು. ಅಲ್ಲಿಯ ಕಾನೂನಿನಲ್ಲಿ, ಜನ ಬಹಳ ವರ್ಷ ತಡೆಯಿಲ್ಲದೆ ನಡೆದು ಸಾರ್ವಜನಿಕವಾದ ದಾರಿ ಯಾರೋ ಬೇಲಿ ಹಾಕಿದ ಮಾತ್ರಕ್ಕೆ ಸತ್ತುಹೋಗುವುದಿಲ್ಲವಂತೆ. ಎಡ್ನಾ ಅರ್ಜಿ ಹಾಕಿದಳು. ಹಳೆಯ ಕಾಲದ ಏಳು ಮಂದಿಯನ್ನು ಹುಡುಕಿ ಹೇಳಿಕೆ ಬರೆಸಿದಳು. ಅವರಲ್ಲಿ ಇಬ್ಬರು ತೀರ್ಪು ಬರುವ ಮೊದಲೇ ತೀರಿಕೊಂಡರು. ಗಿರಿಯಪ್ಪಣ್ಣನ ಚುಕ್ಕಿ ನಕ್ಷೆ ಕಡತ ಸೇರಿತು. ಗಿರಣಿಯ ಈಗಿನ ಮಾಲೀಕರು ವಿರೋಧಿಸಿದರು. ಹೀಗೆ ಮೂರು ವರ್ಷಕ್ಕೂ ಮೇಲೆ ನಡೆಯಿತು.

ಈ ನಡುವೆ, 2004ರ ಮೇ ತಿಂಗಳಲ್ಲಿ, ಗಿರಿಯಪ್ಪಣ್ಣ ಅಡ್ಯಾರಿಗೆ ರಜೆಯಲ್ಲಿ ಹೋದವರು ಕಾಂಪೌಂಡನ್ನು ಎರಡು ಕಡೆ ಮೂರು ಅಡಿಯಷ್ಟು ಒಡೆಸಿ ಕಲ್ಲಿನ ತಡಮೆ ಇಡಿಸಿದರು. ಹೆಂಡತಿ ಅಪ್ಪಿಗೆ ಸಿಟ್ಟು ಬಂತು. "ನಾಯಿ ಬರ್ತದೆ, ಕಳ್ಳ ಬರ್ತಾನೆ. ಹನ್ನೊಂದು ವರ್ಷ ಇಲ್ಲದ ದಾರಿ ಈಗ ಎಲ್ಲಿಂದ ಹುಟ್ಟಿತು?" ಎಂದಳು. ಇವರು ದುಗ್ಗುವಿನ ಮನೆಗೆ ಹೋಗಿ, ದಾರಿ ಬಿಟ್ಟಿದ್ದೇನೆ, ಇನ್ನು ಹೋಗಬಹುದು ಎಂದರು. ದುಗ್ಗು ಜಗಲಿಯಲ್ಲಿ ಕೂತಿದ್ದ. ಕಿವಿ ಮಂದವಾಗಿತ್ತು. ಎರಡು ಸಲ ಹೇಳಿಸಿಕೊಂಡ. ಆಮೇಲೆ ನಕ್ಕ. "ಈಗ ಎಂತಕ್ಕೆ ಗಿರಿಯಪ್ಪ? ಮನೆಮನೆಗೆ ನಳ್ಳಿ ಬಂತು. ದೋಣಿ ನಿಂತು ಆರು ವರ್ಷ ಆಯ್ತು. ಹೊಳೆಗೆ ಯಾರು ಹೋಗ್ತಾರೆ?"

ದೋಹಾಕ್ಕೆ ವಾಪಸು ಬಂದು ಇದನ್ನು ಹೇಳುವಾಗ ಗಿರಿಯಪ್ಪಣ್ಣ ನಗಲಿಲ್ಲ. "ನನಗೆ ಒಂದು ತಿಳಿಯುವುದಿಲ್ಲ ಯಜ್ಞೇಶ. ಇಂಗ್ಲೆಂಡಿನ ಆ ದಾರಿಯಲ್ಲಿ ಯಾರಿಗೂ ಎಲ್ಲಿಗೂ ಹೋಗ್ಲಿಕ್ಕಿಲ್ಲ. ಸುಮ್ಮನೆ ನಡೀಲಿಕ್ಕೆ. ಅದಕ್ಕೆ ಅವರು ಕೋರ್ಟು ಕಚೇರಿ ಮಾಡ್ತಾರೆ. ನಮ್ಮೂರಲ್ಲಿ ಹೊಟ್ಟೆಪಾಡಿಗೆ ನಡೆಯುವವರ ದಾರಿಯನ್ನು ನಾನು ಮುಚ್ಚಿದೆ, ಯಾರೂ ಒಂದು ಕಾಗದ ಬರೀಲಿಲ್ಲ. ನನಗೂ ಹನ್ನೊಂದು ವರ್ಷ ನಿದ್ದೆ ಬಂತು." ಮುಂದಿನ ವರ್ಷ ಹೋದಾಗ ಹೊಳೆಯ ಕಡೆಯ ತಡಮೆಯ ಮೇಲೆ ಬಳ್ಳಿ ಹಬ್ಬಿತ್ತಂತೆ. ದುಗ್ಗುವಿನ ಮನೆಯ ಕಡೆಯದು ಮಾತ್ರ ನುಣ್ಣಗೆ ಸವೆದಿತ್ತು. ಅಪ್ಪಿಯೇ ದಿನಾ ಮಧ್ಯಾಹ್ನ ಅದನ್ನು ದಾಟಿ ಹೋಗಿ ದುಗ್ಗುವಿನ ಸೊಸೆಯ ಜೊತೆ ಕೂತು ಬೀಡಿ ಕಟ್ಟುತ್ತಿದ್ದಳು.

2006ರ ಸೆಪ್ಟೆಂಬರಿನಲ್ಲಿ ಎಡ್ನಾ ಗೆದ್ದಳು. ದಾರಿ ತೆರೆಯುವ ದಿನಕ್ಕೆ ಗಿರಿಯಪ್ಪಣ್ಣ ಬರಲೇಬೇಕೆಂದು ಟಿಕೆಟ್ ಕಳಿಸಿದಳು. ವೀಸಾ ಅರ್ಜಿಯನ್ನು ನಾನೇ ತುಂಬಿಸಿದೆ. ಪ್ರಯಾಣದ ಉದ್ದೇಶ ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದರೆ, "ನಡೀಲಿಕ್ಕೆ ಅಂತ ಬರೆ, ಮತ್ತೆ ಎಂತ ಬರೀತಿ?" ಎಂದರು. ಹಾಗೆಯೇ ಬರೆದೆ. ಪ್ರಿಂಟ್ ರೂಮಿನ ನೌಕರನೊಬ್ಬ ಇಂಗ್ಲೆಂಡಿಗೆ ನಡೆಯಲು ಹೋಗುತ್ತಾನೆಂದರೆ ಯಾರು ನಂಬುತ್ತಾರೆ? ಅರ್ಜಿ ತಿರಸ್ಕೃತವಾಯಿತು. ದಾರಿ ತೆರೆದ ದಿನ ಅವರು ಮುಶೈರಿಬ್‌ನಲ್ಲಿ ಹಾಳೆ ಮಡಚುತ್ತಿದ್ದರು. ಎರಡನೆಯ ಸಲ ಪಾಸ್ಕೋ ಉದ್ದದ ಪತ್ರ ಬರೆದರು, ಪುಸ್ತಿಕೆಯ ಪ್ರತಿಯನ್ನು ಲಗತ್ತಿಸಿದರು. ನಮ್ಮ ಕಂಪನಿಯ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಸುಡಾನಿ ಮುದುಕ, ದೇಶ ಬಿಡುವ ಅನುಮತಿಗೆ ಸಹಿ ಹಾಕಿಸಿ ಕೊಡುತ್ತಾ, "ಲಂಡನ್‌ನಲ್ಲಿ ಶಾಪಿಂಗ್ ಮಾಫಿ, ಇಲ್ಲ? ಬರೀ ನಡೆಯುವುದು?" ಎಂದು ತಲೆಯಾಡಿಸಿ, "ಯಲ್ಲಾ, ಹೋಗಿ ಬಾ," ಎಂದ. 2007ರ ಜೂನ್‌ನಲ್ಲಿ, ಐವತ್ತೆಂಟನೆಯ ವಯಸ್ಸಿನಲ್ಲಿ, ಗಿರಿಯಪ್ಪಣ್ಣ ಹತ್ತು ದಿನಕ್ಕೆ ಹೆಸಲ್‌ಕೂಮ್‌ಗೆ ಹೋದರು.

ಅಲ್ಲಿ ನಡೆದದ್ದನ್ನು ಅವರು ನನಗೆ ಎಷ್ಟೋ ಸಲ ಹೇಳಿದ್ದಾರೆ, ಪ್ರತಿ ಸಲವೂ ಒಂದಿಷ್ಟು ಹೊಸದು ಸೇರಿಸಿ. ಮೊದಲ ದಿನವೇ ಅವರ ಕಪ್ಪು ಆಫೀಸ್ ಶೂ ಹುಲ್ಲಿನ ನೀರು ಕುಡಿದು ಬಾಯಿ ಬಿಟ್ಟಿತು. ಪಾಸ್ಕೋಗೆ ಮೊಣಕಾಲಿನ ಆಪರೇಷನ್ ಆಗಿತ್ತು. ತಮ್ಮ ಬೂಟುಗಳನ್ನು ಕೊಟ್ಟರು. ಎರಡು ಅಳತೆ ದೊಡ್ಡವು. ಮೂರು ಜೊತೆ ಕಾಲುಚೀಲ ಹಾಕಿ ಗಿರಿಯಪ್ಪಣ್ಣ ಎಡ್ನಾಳ ಹಿಂದೆ ನಡೆದರು. ಎಪ್ಪತ್ತೈದರ ಆಕೆ ಮುಂದೆ, ಇವರು ಹಿಂದೆ ಏದುಸಿರು ಬಿಡುತ್ತಾ. ಮೊದಲ ತಡಮೆಯ ಮೇಲೆ ಕಾಲಿಟ್ಟು ನಿಂತು ಸುತ್ತ ನೋಡಿದಾಗ, ಎಡಕ್ಕೆ ಇಗರ್ಜಿಯ ಗೋಪುರ, ಬಲಕ್ಕೆ ಓಕ್ ಮರ, ಎದುರಿಗೆ ಇಳಿಜಾರು, ಎಲ್ಲವೂ ತಾವು ಬರೆದಿಟ್ಟ ಜಾಗದಲ್ಲೇ ಇರುವುದು ಕಂಡು ಮೈ ಜುಂ ಎಂದಿತಂತೆ. ಆದರೆ ಹೊಳೆ ಅವರಂದುಕೊಂಡದ್ದಕ್ಕಿಂತ ಬಹಳ ಸಣ್ಣದು. ನೇತ್ರಾವತಿಯನ್ನು ನೋಡಿದವರಿಗೆ ಅದೊಂದು ತೋಡು. ನೀರು ಮಾತ್ರ ತಳದ ಕಲ್ಲು ಎಣಿಸುವಷ್ಟು ತಿಳಿ. ಬಾಗಿದ ಕೊಂಬೆಯಿಂದ ಮಿಂಚುಳ್ಳಿಯೊಂದು ಹಾರಿತು. ಊರಿನದ್ದಕ್ಕಿಂತ ಸ್ವಲ್ಪ ಸಣ್ಣದು, ಬಣ್ಣ ಅದೇ. ತುರಿಕೆ ಗಿಡ ತಾಗಿ ಕೈ ಉರಿದಾಗ ಎಡ್ನಾ ಪಕ್ಕದಲ್ಲೇ ಬೆಳೆದ ಅಗಲ ಎಲೆಯೊಂದನ್ನು ಕಿತ್ತು ತಿಕ್ಕಿದಳು. ಎದುರು ಸಿಕ್ಕ ಪ್ರತಿಯೊಬ್ಬರೂ ಹಲೋ ಹೇಳಿದರು. "ಇಲ್ಲಿ ದೋಹಾದಲ್ಲಿ ಹಾಗೆ ಎದುರಿಗೆ ಬಂದು ಮಾತಾಡಿಸಿದರೆ ನಾನು ಕಿಸೆ ಮುಟ್ಟಿ ನೋಡಿಕೊಳ್ತೇನೆ," ಎನ್ನುತ್ತಿದ್ದರು.

ಮೂರನೆಯ ದಿನ ಐದನೆಯ ನಡಿಗೆ. ಗಿರಣಿಯ ಬಳಿ ಬೇಲಿ ತೆಗೆದು ಹೊಸ ಮರದ ಗೇಟು ಇಟ್ಟಿದ್ದರು. ಎಂಟು ತಿಂಗಳಲ್ಲಿ ಜನ ನಡೆದು ಹುಲ್ಲು ಸವೆದು ಮಣ್ಣು ಕಾಣುತ್ತಿತ್ತು. ಎಡ್ನಾ ಹೆಮ್ಮೆಯಿಂದ ಮುಂದೆ ಹೋದಳು. ಗಿರಣಿಯನ್ನು ಮನೆ ಮಾಡಿಕೊಂಡಿದ್ದರು. ದಾರಿ ಅದರ ಗೋಡೆಗೆ ತಾಗಿಕೊಂಡೇ, ದೊಡ್ಡದೊಂದು ಕಿಟಕಿಯ ಕೆಳಗೆ ಹಾದುಹೋಗುತ್ತಿತ್ತು. ಆ ಕಿಟಕಿಯ ಪರದೆ ಹಗಲಿನಲ್ಲೇ ಎಳೆದಿತ್ತು. ಅಂಗಳದಲ್ಲಿ ಗಿಡ ಕತ್ತರಿಸುತ್ತಿದ್ದ ಅರವತ್ತರ ಹೆಂಗಸೊಬ್ಬಳು ತಲೆಯೆತ್ತಿದಳು. ಅವಳೇ ಲೋವೆಲ್, ಗಿರಣಿಯ ಒಡತಿ. ಎಡ್ನಾ ಅತ್ತ ನೋಡದೆ ಮುಂದೆ ನಡೆದಳು. ಗಿರಿಯಪ್ಪಣ್ಣ ಅಭ್ಯಾಸ ಬಲದಿಂದ ಹಲೋ ಎಂದರು.

"ದೋಹಾದಿಂದ ಬಂದವರು ನೀವೇ ಅಲ್ಲವೆ?" ಎಂದಳು ಆಕೆ. "ನನ್ನ ಗಂಡನ ಕಿಟಕಿಯ ಕೆಳಗೆ ಗೆರೆ ಎಳೆದವರು."

ಅವಳ ದನಿಯಲ್ಲಿ ಜಗಳವಿರಲಿಲ್ಲ. ಗಂಡನಿಗೆ ಪಾರ್ಶ್ವವಾಯು ಬಡಿದು ನಾಲ್ಕು ವರ್ಷವಾಗಿತ್ತು. ಮಾತು ನಿಂತಿತ್ತು, ಬಾಯಿಯಿಂದ ಜೊಲ್ಲು ಸೋರುತ್ತಿತ್ತು. ಹೊಳೆ ನೋಡಲೆಂದೇ ಆ ಕಿಟಕಿಯ ಬಳಿ ಮಂಚ ಹಾಕಿಸಿದ್ದಳು. ಈಗ ಶನಿವಾರ, ಭಾನುವಾರ ನಡೆಯುವವರು ಒಳಗೆ ಇಣುಕುತ್ತಾರೆ. ಅವನಿಗೆ ನಾಚಿಕೆ, ಮುಖ ತಿರುಗಿಸಲೂ ಆಗುವುದಿಲ್ಲ. ಅದಕ್ಕೆ ಪರದೆ.

ಆ ಸಂಜೆ ಗಿರಿಯಪ್ಪಣ್ಣನಿಗೆ ಊಟ ಸೇರಲಿಲ್ಲ. ಮರುದಿನ ಆರನೆಯ ನಡಿಗೆಗೆ ಬೂಟು ಕಟ್ಟುತ್ತಿದ್ದ ಎಡ್ನಾಳಿಗೆ, ತಾನು ಇವತ್ತು ಗಿರಣಿಗೆ ಹೋಗುತ್ತೇನೆ, ಅಳತೆಯ ಟೇಪು ಬೇಕು ಎಂದರು. ಎಡ್ನಾಳ ಮುಖ ಬಿಗಿಯಿತು. ಆ ದಾರಿಗಾಗಿ ತಾನು ನಾಲ್ಕು ವರ್ಷ ತೆತ್ತಿದ್ದೇನೆ, ಅದು ತನ್ನ ತಾಯಿ ನಡೆದ ದಾರಿ, ಒಂದು ಅಡಿಯೂ ಬಿಡುವುದಿಲ್ಲ ಎಂದಳು. ಗಿರಿಯಪ್ಪಣ್ಣ ತಮ್ಮ ಹರಕು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನಗೆ ಕನ್ನಡದಲ್ಲಿ ಹೀಗೆ ಹೇಳಿದರು: "ಮೇಡಮ್, ನಾನು ಮೇಲಿಂದ ತೆಗೆದ ಫೋಟೋ ನೋಡಿ ಬರೆದವ. ಅದರಲ್ಲಿ ಮನೆಯ ಮಾಡು ಕಾಣ್ತದೆ, ಕಿಟಕಿ ಕಾಣುವುದಿಲ್ಲ. ನಿನ್ನೆ ಕಿಟಕಿ ಕಂಡೆ. ಕಂಡ ಮೇಲೆ ಹಾಗೇ ಬಿಟ್ಟು ಹೋದ್ರೆ ನನ್ನ ನಕ್ಷೆ ತಪ್ಪು."

ಎಡ್ನಾ ಎದ್ದು ಒಳಗೆ ಹೋದಳು. ಟೇಪನ್ನು ತಂದು ಮೇಜಿನ ಮೇಲಿಟ್ಟಳು.

ಗಿರಣಿಗೂ ಹೊಳೆಗೂ ನಡುವೆ ಹಿಂದೆ ಚಕ್ರಕ್ಕೆ ನೀರು ತರುತ್ತಿದ್ದ ಕಾಲುವೆಯೊಂದಿತ್ತು. ಈಗ ಅರ್ಧ ಮುಚ್ಚಿ ಜೊಂಡು ಬೆಳೆದಿತ್ತು. ಗಿರಿಯಪ್ಪಣ್ಣ ಒಂದು ದಿನವೆಲ್ಲ ಅದರೊಳಗೆ ಇಳಿದು ಹತ್ತಿ ನೋಡಿದರು. ಕಾಲುವೆಯ ಆಚೆ ಬದಿಗೆ, ನೀರಿನ ಅಂಚಿನಲ್ಲಿದ್ದ ಮರಗಳ ಸಾಲಿನ ಹಿಂದೆ ದಾರಿಯನ್ನು ತಿರುಗಿಸಿದರೆ, ಅದು ಕಿಟಕಿಯಿಂದ ಹದಿನಾಲ್ಕು ಗಜ ದೂರವಾಗುತ್ತಿತ್ತು. ನಡೆಯುವವರಿಗೆ ಹೊಳೆ ಇನ್ನೂ ಹತ್ತಿರ; ಮಲಗಿದವನಿಗೆ ನಡೆಯುವವರ ತಲೆ ಮಾತ್ರ ಮರಗಳ ನಡುವೆ ಕಂಡು ಮರೆಯಾಗುತ್ತದೆ. ಎರಡು ಕಡೆ ಸಂಕ ಹಾಕಬೇಕು, ಅಷ್ಟೆ. ಟೇಪಿನ ಇನ್ನೊಂದು ತುದಿ ಹಿಡಿಯಲು ಮೊದಲ ದಿನ ಲೋವೆಲ್ ಇದ್ದಳು. ಎರಡನೆಯ ದಿನ ಬೆಳಿಗ್ಗೆ ಎಡ್ನಾ ಬಂದು ಗೇಟಿನ ಬಳಿ ನಿಂತಳು. ಸ್ವಲ್ಪ ಹೊತ್ತು ನೋಡಿ, ಹೀಗೆ ಹಿಡಿದರೆ ಅಳತೆ ಸರಿ ಬರುವುದಿಲ್ಲ ಎನ್ನುತ್ತಾ ಒಳಗೆ ಬಂದು ಒಂದು ತುದಿಯನ್ನು ಕೈಗೆ ತೆಗೆದುಕೊಂಡಳು. ನಾಲ್ಕು ವರ್ಷ ಮಾತು ಬಿಟ್ಟಿದ್ದ ಇಬ್ಬರು ಹೆಂಗಸರು ಟೇಪಿನ ಎರಡು ತುದಿಯಲ್ಲಿ ನಿಂತು, ಅಡಿ ಅಂಗುಲಗಳನ್ನು ಮಾತ್ರ ಕೂಗಿ ಹೇಳುತ್ತಿದ್ದರಂತೆ. ಮೂರನೆಯ ದಿನ ಗಿರಣಿಯ ಅಡುಗೆಮನೆಯ ಮೇಜಿನ ಮೇಲೆ ಗಿರಿಯಪ್ಪಣ್ಣ ಹೊಸ ನಕ್ಷೆ ಬರೆದು ಮುಗಿಸಿದಾಗ ಲೋವೆಲ್ ಮೂರು ಕಪ್ ಚಹಾ ಇಟ್ಟಳು.

ಆ ತಿರುವು ಕಾಗದದಲ್ಲಿ ಊರ್ಜಿತವಾಗಲು ಮತ್ತೂ ಒಂದೂವರೆ ವರ್ಷ ಹಿಡಿಯಿತು. 2009ರ ಆರಂಭದಲ್ಲಿ ಪುಸ್ತಿಕೆಯ ಎರಡನೆಯ ಮುದ್ರಣ ಬಂತು. ಐದನೆಯ ನಕ್ಷೆಯಲ್ಲಿ ಗಿರಣಿಯ ಬಳಿ ಗೆರೆ ಹೊಳೆಯ ಕಡೆಗೆ ಬಾಗಿ ಮತ್ತೆ ನೇರವಾಗುತ್ತದೆ. ಲೋವೆಲ್ ಒಂದು ಕಾರ್ಡು ಕಳಿಸಿದ್ದಳು. ಪರದೆ ಈಗ ತೆರೆದಿರುತ್ತದೆ, ಅವನು ಮರಗಳ ನಡುವೆ ಹೋಗುವ ನಾಯಿಗಳನ್ನು ಬೆರಳು ಮಡಚಿ ಎಣಿಸುತ್ತಾನೆ ಎಂದು ಬರೆದಿದ್ದಳು. ಎಡ್ನಾಳಿಗೆ ಮಾತ್ರ ಒಳಗೊಳಗೆ ನೋವಿದ್ದೇ ಇತ್ತು. ತಾಯಿ ಕಾಲಿಟ್ಟ ಆ ನಲವತ್ತು ಗಜ ಈಗ ಮತ್ತೆ ಹುಲ್ಲು ಬೆಳೆದು ಮುಚ್ಚಿತು ಎಂದು ಅವಳೂ ಬರೆದಳು. ಗಿರಿಯಪ್ಪಣ್ಣ ಎರಡೂ ಕಾಗದಗಳನ್ನು ನನಗೆ ಓದಲು ಕೊಟ್ಟು, "ಇಬ್ಬರೂ ಸರಿ. ಎಂತ ಮಾಡುವುದು," ಎಂದರು.

ಅದೇ ಮಾರ್ಚ್‌ನಲ್ಲಿ, ಅರವತ್ತು ತುಂಬಿತೆಂದು ಕಂಪನಿ ಅವರನ್ನು ಬಿಡುಗಡೆ ಮಾಡಿತು. ಹೋಗುವ ಹಿಂದಿನ ಶುಕ್ರವಾರ ನಾವಿಬ್ಬರೂ ಸೂಕ್ ವಾಕಿಫ್‌ನಲ್ಲಿ ಚಹಾ ಕುಡಿಯುತ್ತಾ ಕೂತಿದ್ದೆವು. ಎಂಟರಲ್ಲಿ ಯಾವ ನಡಿಗೆ ಚೆನ್ನಾಗಿತ್ತು ಎಂದು ಕೇಳಿದೆ. ಐದು ಮಾತ್ರ ನಡೆದದ್ದು, ಉಳಿದ ದಿನ ಅಳತೆ, ಕಡೆಯ ಎರಡು ದಿನ ಮಳೆ ಎಂದರು. ಬೇಸರದಿಂದೇನೂ ಹೇಳಲಿಲ್ಲ.

ಅಡ್ಯಾರಿನಲ್ಲಿ ಈಗ ಅವರಿಗೆ ಬೇರೊಂದು ಕೆಲಸ ಅಂಟಿಕೊಂಡಿದೆ. ದಾರಿಯ ತಕರಾರು ನಮ್ಮ ಕಡೆ ಯಾವ ಊರಿನಲ್ಲಿಲ್ಲ? ಅಳೆದು ಕೊಡಿ ಎಂದು ಜನ ಬರುತ್ತಾರೆ. ಅವರು ಟೇಪನ್ನು ಹೊರತೆಗೆಯುವ ಮೊದಲು ಎರಡೂ ಕಡೆಯ ಮನೆಗಳ ಒಳಗೆ ಹೋಗಿ ಸ್ವಲ್ಪ ಹೊತ್ತು ಕೂರುತ್ತಾರೆ. ಯಾರು ಎಲ್ಲಿ ಮಲಗುತ್ತಾರೆ, ಯಾವ ಕಿಟಕಿ ಯಾವ ಕಡೆ ತೆರೆಯುತ್ತದೆ ಎಂದು ನೋಡುತ್ತಾರೆ. ಕೆಲವು ಬಗೆಹರಿಯುತ್ತವೆ, ಹೆಚ್ಚಿನವು ಬಗೆಹರಿಯುವುದಿಲ್ಲ.

ಡಿಸೆಂಬರಿನ ರಜೆಯಲ್ಲಿ ನಾನು ಹೋದಾಗ ಅವರು ಫರಂಗಿಪೇಟೆಯ ಹತ್ತಿರದ ಒಂದು ಮನೆಗೆ ಹೊರಟಿದ್ದರು. ನಾನೂ ಜೊತೆಗೆ ಹೋದೆ. ದಾರಿ ಮುಚ್ಚಿದವನು ಕುವೈತಿನಲ್ಲಿದ್ದು ಬಂದ ನಡುವಯಸ್ಸಿನವ. ಗೇಟಿನ ಒಳಗಿನಿಂದಲೇ ಮಾತಾಡಿದ. "ನಕ್ಷೆಯಲ್ಲಿ ದಾರಿ ಇಲ್ಲ ಸ್ವಾಮಿ, ಬೇಕಾದರೆ ತೋರಿಸ್ತೇನೆ," ಎಂದು ಹೇಳಿ ಚಿಲಕ ಹಾಕಿಕೊಂಡ. ಬಿಸಿಲು ಜೋರಾಗಿತ್ತು. ನಾವು ಗದ್ದೆಯ ಪುಣಿಯ ಮೇಲೆ ಒಬ್ಬರ ಹಿಂದೊಬ್ಬರು ವಾಪಸು ನಡೆದೆವು. ಇಂಥವನ ಹತ್ತಿರ ಏನು ಮಾತಾಡಿ ಪ್ರಯೋಜನ ಎಂದು ನಾನು ಸಿಟ್ಟಿನಿಂದ ಹೇಳಿದೆ.

"ಅವನು ಹೇಳಿದ್ದು ಸುಳ್ಳಲ್ಲ," ಎಂದರು ಗಿರಿಯಪ್ಪಣ್ಣ. "ನಾಳೆ ಪುನಃ ಬರುವ. ಒಳಗೆ ಕರೆಯುವವರೆಗೆ ಬರುವ."

ಮರುದಿನ ನನಗೆ ದೋಹಾದ ವಿಮಾನವಿತ್ತು. ಅವರು ಮತ್ತೆ ನಾಲ್ಕು ಸಲ ಹೋದರೆಂದೂ, ನಾಲ್ಕನೆಯ ಸಲ ಆ ಮನೆಯ ಹೆಂಗಸು ಒಳಗೆ ಕರೆದು ನೀರು ಬೆಲ್ಲ ಕೊಟ್ಟಳೆಂದೂ ಅಪ್ಪಿ ಫೋನಿನಲ್ಲಿ ಹೇಳಿದಳು.